ಖಾತಾ

ನಮ್ಮದು ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಪುಟ್ಟ ಜೆರಾಕ್ಸ್ ಅಂಗಡಿ. ದೀಪಾವಳಿ ಮುಗಿಯುತ್ತಿದ್ದಂತೆ ಎದುರಿನ ಖಾಲಿ ಜಾಗದಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿಗಳು ಏಳುತ್ತವೆ. ಈ ಊರಲ್ಲಿ ಅಂಥ ಚಳಿ ಎಲ್ಲಿದೆ ಎಂದು ನಾನು ನಗುತ್ತಿದ್ದೆ. ವ್ಯಾಪಾರ ಮಾತ್ರ ಆಗುತ್ತದೆ. ಲೂಧಿಯಾನಾದಿಂದ ಸಾಲಕ್ಕೆ ಮಾಲು ತರುತ್ತಾರೆ. ಸೀಸನ್ ಮುಗಿದ ಮೇಲೆ ಸಾಲ ತೀರಿಸಿ, ಲೋಸರ್ ಹೊತ್ತಿಗೆ ಊರು ಸೇರುತ್ತಾರೆ. ಲೋಸರ್ ಅಂದರೆ ಅವರ ಹೊಸ ವರ್ಷ.

ಅವರಲ್ಲಿ ಒಬ್ಬ ಅಕ್ಕ ಮುಂಡಗೋಡಿನ ಟಿಬೆಟನ್ ನಿರಾಶ್ರಿತರ ಕ್ಯಾಂಪಿನವರು. ಮಾತೆಲ್ಲ ಹುಬ್ಬಳ್ಳಿ ಕಡೆಯದು. ಡಿಸೆಂಬರಿನ ಒಂದು ಸಂಜೆ ಮಡಚಿದ ಹಾಳೆಯೊಂದನ್ನು ತಂದು, "ಅಣ್ಣಾರ, ಇದನ್ನ ಸ್ಕ್ಯಾನ್ ಮಾಡಿ ಮೇಲ್ ಮಾಡಬೇಕಿತ್ರಿ" ಅಂದರು. ಮಗಳು ಹಾಸ್ಟೆಲ್ಲಿನಲ್ಲಿದ್ದು ಓದುತ್ತಾಳೆ. ಖರ್ಚು ನೋಡಿಕೊಳ್ಳುವವರು ಜರ್ಮನಿಯ ಒಬ್ಬ ಅಜ್ಜಿ. ಒಮ್ಮೆಯೂ ಮುಖ ನೋಡಿಲ್ಲ. ಆ ಅಜ್ಜಿಗೆ ಮಗಳು ಬರೆದ ಕಾಗದ ಅದು.

ನಾನೂ ಮಠದ ಹಾಸ್ಟೆಲ್ಲಿನಲ್ಲಿ ಉಂಡು ಓದಿದವನು. ನಮ್ಮಿಂದಲೂ ವರ್ಷಕ್ಕೊಮ್ಮೆ ದಾನಿಗಳಿಗೆ ಕಾಗದ ಬರೆಸುತ್ತಿದ್ದರು. ವಾರ್ಡನ್ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆಯೋರು, ಅಷ್ಟೂ ಹುಡುಗರು ನಕಲು ಮಾಡೋರು. 'ತಮ್ಮ ಉಪಕಾರವನ್ನು ಎಂದಿಗೂ ಮರೆಯೆವು.' ಮರೆಯೋಕೆ ಆ ಪುಣ್ಯಾತ್ಮ ಯಾರು ಅಂತಲೇ ನಮಗೆ ಗೊತ್ತಿರಲಿಲ್ಲ! ಊಟ ಸಲೀಸಾಗಿ ಇಳಿಯುತ್ತಿತ್ತು. ಆ ನಾಲ್ಕು ಸಾಲು ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಈ ಹುಡುಗಿಯ ಕಾಗದ ಬೇರೆ ಥರ ಇತ್ತು. ಮೇಲರ್ಧ ಟಿಬೆಟನ್ ಅಕ್ಷರ, ಕೆಳಗೆ ಅದೇ ಮಾತು ಇಂಗ್ಲಿಷಿನಲ್ಲಿ. ಡ್ರಾನ್ಯೆನ್ ಎಂಬ ತಂತಿವಾದ್ಯ ಕಲಿಯುತ್ತಿದ್ದೇನೆ, ತಂತಿ ಒತ್ತಿ ಒತ್ತಿ ಬೆರಳು ಬಾತಿದೆ. ಲೋಸರ್ ಕುಣಿತಕ್ಕೆ ನನ್ನನ್ನು ಹಿಂದಿನ ಸಾಲಿಗೆ ಹಾಕಿದ್ದಾರೆ, ಅದು ಅನ್ಯಾಯ. ಕನ್ನಡದಲ್ಲಿ ಮಾರ್ಕ್ಸ್ ಕಡಿಮೆ. ಥ್ಯಾಂಕ್ಸ್ ಇದ್ದದ್ದು ಕಟ್ಟಕಡೆಗೆ, ಒಂದೇ ಸಾರಿ.

ಹಳೇ ಚಟ ನೋಡಿ, ಬುದ್ಧಿ ಹೇಳಲು ಹೋದೆ. "ಥ್ಯಾಂಕ್ಸ್ ಮೊದಲೇ ಬರಬೇಕಲ್ವಾ ಅಕ್ಕ? ಮೇಲಿನ ಅಕ್ಷರವಂತೂ ಅವರಿಗೆ ಓದೋಕೇ ಬರಲ್ಲ."

"ಓದಾಕ ಬರಂಗಿಲ್ರಿ. ಆದ್ರ ಅಕಿ ಏನ್ ಕಲಿಯಾಕತ್ತಾಳ ಅನ್ನೂದು ಕಾಣತೈತಲ್ಲ. ಬರೀ ಥ್ಯಾಂಕ್ಸ್ ಓದಾಕ ಯಾರರ ರೊಕ್ಕ ಕಳಸ್ತಾರೇನ್ರಿ?"

ಸುಮ್ನೆ ಸ್ಕ್ಯಾನ್ ಮಾಡಿ ಕಳಿಸಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಅವರು ಬಿಡಬೇಕಲ್ಲ, ಮರುದಿನ ಒಂದು ಮಂಕಿ ಕ್ಯಾಪ್ ತಂದುಕೊಟ್ಟರು.

ಜನವರಿಯಲ್ಲಿ ಇನ್ನೊಂದು ಕೆಲಸ ಹಚ್ಚಿದರು. "ನಮಗ ಜಾಗಾ ಕೊಟ್ಟ ಮುಖ್ಯಮಂತ್ರಿ ಸಮಾಧಿ ನಿಮ್ಮ ಕಡೆ ಐತಂತ. ನೋಡಿ ಬಾ ಅಂತ ನಮ್ಮತ್ತಿ ಹೇಳ್ಯಾರ್ರಿ." ಅತ್ತೆ 1966ರಲ್ಲಿ ಮುಂಡಗೋಡಿನ ಕ್ಯಾಂಪ್ ಶುರುವಾದಾಗ ಬಂದು, ಕಾಡು ಕಡಿದು ಜೋಳ ಹಾಕಿದವರು. ಆಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪ. ಬೈಲಕುಪ್ಪೆಗೆ ಮೊದಲ ತಂಡ ಬಂದಾಗ ಆ ಕುರ್ಚಿಯಲ್ಲಿದ್ದವರು ಬಿ.ಡಿ. ಜತ್ತಿ. ಆದರೂ ಟಿಬೆಟಿಯನ್ನರ ಬಾಯಲ್ಲಿ ಉಳಿದಿರುವುದು ನಿಜಲಿಂಗಪ್ಪನವರ ಹೆಸರೇ. ಚಿತ್ರದುರ್ಗದ ಹತ್ತಿರ ಸೀಬಾರದಲ್ಲಿ ಅವರ ಸ್ಮಾರಕವಿದೆ. 2011ರಲ್ಲಿ ಅದರ ಉದ್ಘಾಟನೆಗೆ ದಲೈ ಲಾಮಾ ಅವರೇ ಬಂದಿದ್ದರು. ಬಸ್ಸಿನಲ್ಲಿ ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ, ಒಮ್ಮೆಯೂ ಇಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಹೋದೆವು. ಹೆಚ್ಚು ಜನ ಇರಲಿಲ್ಲ. ಹೆದ್ದಾರಿಯ ಲಾರಿಗಳ ಸದ್ದೇ ಜಾಸ್ತಿ. ಅಕ್ಕ ಚಪ್ಪಲಿ ಬಿಟ್ಟು, ಚೀಲದಿಂದ ಬಿಳಿ ಶಲ್ಯ ತೆಗೆದು, ಎರಡೂ ಕೈಯಲ್ಲಿ ಹಿಡಿದು ಸಮಾಧಿಯ ಮೇಲೆ ಹಾಸಿದರು. ಆಮೇಲೆ ಮಗಳ ಫೋಟೋ ಒಂದನ್ನು ಹೊರತೆಗೆದು ಅದರ ಮುಂದೆ ಸ್ವಲ್ಪ ಹೊತ್ತು ಹಿಡಿದರು. ಯಾರಿಗೋ ತೋರಿಸುವ ಹಾಗೆ.

ಅಲ್ಲೇ ಕಸ ಗುಡಿಸುತ್ತಿದ್ದವನು ಹತ್ತಿರ ಬಂದ. "ಏನಮ್ಮ ಅದು?"

"ಖಾತಾ ರೀ." ಗೌರವಕ್ಕೆ ಹಾಕುವ ಶಲ್ಯಕ್ಕೆ ಅವರು ಹಾಗನ್ನುತ್ತಾರೆ.

ನಮ್ಮ ಕಡೆ ಖಾತಾ ಅಂದರೆ ಗೊತ್ತಲ್ಲ. ಅವನು ಪೊರಕೆ ಊರಿ ನಿಂತ. "ಖಾತಾನಾ? ಯಾವ ಜಮೀನಿಂದು?"

ನನಗೆ ನಗು ತಡೆಯಲಾಗಲಿಲ್ಲ. ಅಕ್ಕನಿಗೆ ತಮಾಷೆ ತಿಳಿಯಲಿಲ್ಲ. ಫೋಟೋವನ್ನು ಸೆರಗಲ್ಲಿ ಒರೆಸಿ ಚೀಲಕ್ಕೆ ಹಾಕುತ್ತಾ ಅಂದರು, "ಮುಂಡಗೋಡಿಂದ್ರಿ."