ಪತ್ರಿಕೆಯ ಪಿಡಿಎಫ್‌ನಲ್ಲಿ ಕೊನೆಗೂ ‘ಕರ್ನಲ್’ ಸಿಕ್ಕಿತು

ಕೊನೆಗೂ ಸಿಕ್ಕಿತು! ನಮ್ಮ ಸ್ವತಂತ್ರ ತಂತ್ರಾಂಶ ಪತ್ರಿಕೆಯ ಪಿಡಿಎಫ್ ತೆರೆದು ‘ಕರ್ನಲ್’ (ಆಪರೇಟಿಂಗ್ ಸಿಸ್ಟಂನ ತಿರುಳು) ಅಂತ ಹುಡುಕಿದರೆ ಈಗ ಸೀದಾ ಕರ್ನಲ್ ಇರುವ ಪುಟಕ್ಕೇ ಹೋಗುತ್ತದೆ. ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೂ ಕರ್ನಲ್ ಆಗಿಯೇ ಬರುತ್ತದೆ. ಇದರಲ್ಲೇನು ವಿಶೇಷ ಅಂತ ಕೆಲವರಿಗೆ ಅನ್ನಿಸಬಹುದು. ಕನ್ನಡದಲ್ಲಿ ಪಿಡಿಎಫ್ ಮಾಡಿ ಒದ್ದಾಡಿದವರಿಗೆ ಈ ಖುಷಿ ಗೊತ್ತು.

ಲೇಖನ ತರಿಸುವುದು, ಸರಳ ಗುರುತುಗಳ ಪಠ್ಯವಾದ ಮಾರ್ಕ್‌ಡೌನ್‌ಗೆ ಇಳಿಸುವುದು, ಬದಲಾವಣೆಗಳ ಲೆಕ್ಕ ಇಡುವ ಗಿಟ್‌ಗೆ ಹಾಕುವುದು, ಫೈಲಿನ ರೂಪ ಬದಲಿಸುವ ಪ್ಯಾಂಡಾಕ್‌ನಿಂದ ಪುಟ ಜೋಡಿಸುವ ಝೀಲಾಟೆಕ್‌ಗೆ ದಾಟಿಸುವುದು, ಇವೆಲ್ಲ ನಿಮಗೂ ಗೊತ್ತಿರುವ ಕೆಲಸಗಳೇ. ಅವನ್ನು ಬಿಟ್ಟುಬಿಡುತ್ತೇನೆ. ಈ ಸಲ ಬರೆಯಬೇಕಿರುವುದು ಒಂದೇ ಒಂದು ಮೊಂಡು ಸಮಸ್ಯೆಯ ಬಗ್ಗೆ.

ಹಿಂದಿನ ಸಂಚಿಕೆ ಹೊರಗೆ ಬಂದ ಮೇಲೆ ಓದುಗರೊಬ್ಬರು ಕೇಳಿದರು: “ಕರ್ನಲ್ ಬಗ್ಗೆ ಲೇಖನ ಇದೆ ಅಂತ ಮುಖಪುಟದಲ್ಲೇ ಹಾಕಿದ್ದೀರಿ. ಹುಡುಕಿದರೆ ಒಂದೂ ಸಿಗ್ತಾ ಇಲ್ವಲ್ಲ?” ಲೇಖನವೇನೋ ಇತ್ತು. ಪರದೆಯ ಮೇಲೆ ಅಕ್ಷರಗಳು ಮುತ್ತು ಪೋಣಿಸಿದ ಹಾಗೆ ಕಾಣುತ್ತಿದ್ದವು. ಅದೇ ಫೈಲನ್ನು ಪಠ್ಯ ಮಾತ್ರ ಇಳಿಸಿಕೊಡುವ ಪಿಡಿಎಫ್‌ಟುಟೆಕ್ಸ್ಟ್‌ಗೆ ಕೊಟ್ಟರೆ ಹೊರಬಿದ್ದದ್ದು ‘ಕನರ್ಲ್’. ಟರ್ಮಿನಲ್ ಹೋಗಿ ‘ಟಮಿರ್ನಲ್’ ಆಗಿತ್ತು. ಸರ್ವರ್ ಹೋಗಿ ‘ಸವರ್ರ್’. ಕನರ್ಲ್ ಅಂತ ಹುಡುಕಿದರೆ ಥಟ್ಟನೆ ಸಿಗುತ್ತಿತ್ತು, ಆದರೆ ಹಾಗೆ ಹುಡುಕುವವರು ಯಾರು?

ನಮ್ಮ ಪತ್ರಿಕೆಗೆ ಇದು ಸಣ್ಣ ವಿಷಯವಲ್ಲ. ನಾವು ಬರೆಯುವ ಅರ್ಧ ಪದಗಳಲ್ಲಿ ಅರ್ಕಾವತ್ತು ಕೂತಿರುತ್ತದೆ. ಹಾರ್ಡ್‌ವೇರ್, ಫರ್ಮ್‌ವೇರ್, ಪಾರ್ಟಿಷನ್, ಪರ್ಲ್, ವರ್ಚುವಲ್ ಮಷೀನ್, ಕರ್ಸರ್. ಮೇಲಾಗಿ ಸ್ವತಂತ್ರ ತಂತ್ರಾಂಶದ ಪತ್ರಿಕೆಯನ್ನು ಜನ ಮೊದಲ ಪುಟದಿಂದ ಕೊನೆಯವರೆಗೆ ಓದಿ ಕಪಾಟಿನಲ್ಲಿ ಇಡುವುದಿಲ್ಲ. ವೈಫೈ ಕೈಕೊಟ್ಟಾಗಲೋ, ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನು ಮಾಯವಾದಾಗಲೋ ಹಳೆ ಸಂಚಿಕೆ ತೆರೆದು ಹುಡುಕುತ್ತಾರೆ. ಹುಡುಕಿದ್ದು ಸಿಗದಿದ್ದರೆ ಅಷ್ಟು ಬರೆದೂ ಪ್ರಯೋಜನವಿಲ್ಲ.

ಮೊದಲು ಫಾಂಟ್ ಮೇಲೆ ಅನುಮಾನ ಬಂತು. ಲೋಹಿತ್ ತೆಗೆದು ನೋಟೋ ಸೆರಿಫ್ ಕನ್ನಡ ಹಾಕಿದೆ. ಗುಬ್ಬಿ ಹಾಕಿದೆ. ಫಾಂಟ್ ಬದಲಾದ ಹಾಗೆ ದೀರ್ಘಗಳ ಎಡವಟ್ಟು ಬೇರೆ ಬೇರೆ ರೂಪ ತಾಳಿತು, ಅರ್ಕಾವತ್ತು ಮಾತ್ರ ಜಪ್ಪಯ್ಯ ಅಂದರೂ ಸರಿಹೋಗಲಿಲ್ಲ. ದೀರ್ಘಗಳ ಗುಟ್ಟು ಬೇಗ ಬಯಲಾಯಿತು. ‘ಕೀ’ ಅನ್ನುವುದು ‘ಕಿ’ ಮತ್ತು ದೀರ್ಘದ ಗುರುತು ಅಂತ ಎರಡು ತುಂಡಾಗಿ ಹೊರಬರುತ್ತಿತ್ತು. ‘ಕೋ’ ಅಂತೂ ಮೂರು ತುಂಡು. ಇದಕ್ಕೆ ಯೂನಿಕೋಡ್‌ನಲ್ಲೇ (ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಪದ್ಧತಿ) ಔಷಧಿ ಇದೆ. ಎನ್‌ಎಫ್‌ಸಿ ನಾರ್ಮಲೈಸೇಷನ್ ಮಾಡಿದರೆ ತುಂಡುಗಳು ಕೂಡಿಕೊಂಡು ಒಂದೇ ಸಂಕೇತವಾಗುತ್ತವೆ. ಆದರೆ ಎನ್‌ಎಫ್‌ಸಿ ಕೂಡಿಸುತ್ತದೆಯೇ ಹೊರತು ಹಿಂದು ಮುಂದಾದ ಅಕ್ಷರಗಳನ್ನು ಸರಿಯಾದ ಜಾಗಕ್ಕೆ ತರುವುದಿಲ್ಲ. ಕನರ್ಲ್ ಹಾಗೇ ಉಳಿಯಿತು.

ಆಮೇಲೆ ಕ್ಯೂಪಿಡಿಎಫ್‌ನ ಕ್ಯೂಡಿಎಫ್ ಮೋಡ್‌ನಲ್ಲಿ ಫೈಲನ್ನು ಬಿಚ್ಚಿ ಒಳಗೇ ನೋಡಿದೆ. ಅಲ್ಲಿ ಕನ್ನಡವೇ ಇಲ್ಲ! ಇರುವುದು ಬರೀ ಸಂಖ್ಯೆಗಳು. ಫಾಂಟಿನ ಇಂತಿಷ್ಟನೇ ಚಿತ್ರವನ್ನು ಇಲ್ಲಿಡು, ಇಷ್ಟು ಜರುಗು, ಮುಂದಿನದನ್ನು ಇಡು. ಯಾವ ಚಿತ್ರ ಯಾವ ಅಕ್ಷರ ಅಂತ ಹೇಳಲು ಟುಯೂನಿಕೋಡ್ ಅಂತ ಬೇರೆ ಪಟ್ಟಿ ಇರುತ್ತದೆ. ಅರ್ಕಾವತ್ತಿನ ಚಿತ್ರಕ್ಕೆ ಆ ಪಟ್ಟಿ ‘ರ್’ ಅಂತ ಸರಿಯಾಗಿಯೇ ಉತ್ತರ ಕೊಡುತ್ತಿತ್ತು. ತೊಂದರೆ ಇದ್ದದ್ದು ಕ್ರಮದಲ್ಲಿ.

ಯೂನಿಕೋಡ್‌ನಲ್ಲಿ ನಾವು ಉಚ್ಚರಿಸುವ ಕ್ರಮದಲ್ಲೇ ಅಕ್ಷರಗಳು ಕೂತಿರುತ್ತವೆ. ಕ, ಆಮೇಲೆ ರ, ಹಲಂತ, ನ, ಲ, ಹಲಂತ. ಅಕ್ಷರಗಳಿಗೆ ಆಕಾರ ಕೊಡುವ ಹಾರ್ಫ್‌ಬಝ್ ಇದನ್ನು ತೆಗೆದುಕೊಂಡು ‘ರ್’ ಅನ್ನು ಎತ್ತಿ ‘ನ’ದ ಬಲಕ್ಕೆ ಅರ್ಕಾವತ್ತಾಗಿ ಕೂರಿಸುತ್ತದೆ. ಕಣ್ಣಿಗೆ ಅದೇ ಸರಿ, ನಾವು ಬರೆಯುವುದೂ ಹಾಗೇ. ಪಿಡಿಎಫ್ ಉಳಿಸಿಕೊಳ್ಳುವುದು ಈ ಕಣ್ಣಿನ ಕ್ರಮವನ್ನು ಮಾತ್ರ. ವಾಪಸ್ ಓದುವಾಗ ಎಡದಿಂದ ಬಲಕ್ಕೆ ಕ, ನ, ರ್, ಲ್ ಅಂತ ಓದುತ್ತದೆ. ಇಲ್ಲಿ ಯಾರೂ ತಪ್ಪು ಮಾಡಿಲ್ಲ. ಹಾರ್ಫ್‌ಬಝ್ ತನ್ನ ಕೆಲಸ ಸರಿಯಾಗಿ ಮಾಡಿದೆ, ಫಾಂಟೂ ಸರಿಯಿದೆ, ಪಟ್ಟಿಯೂ ಸರಿಯಿದೆ. ಆದರೂ ಕೊನೆಗೆ ಸಿಗುವುದು ಕನರ್ಲ್. ದೇವನಾಗರಿಯ ರೇಫಕ್ಕೂ ಇದೇ ಗೋಳು.

ಹೊರಬಂದ ಪಠ್ಯವನ್ನು ಸ್ಕ್ರಿಪ್ಟ್ ಬರೆದು ತಿದ್ದಬಹುದಲ್ವಾ ಅಂತ ಅನ್ನಿಸಿತು. ಅಕ್ಷರದ ನಂತರ ‘ರ್’ ಬಂದರೆ ಹಿಂದಕ್ಕೆ ತಳ್ಳು, ಅಷ್ಟೇ. ಆದರೆ ‘ಸವರ್ರ್’ನಲ್ಲಿ ಎರಡು ‘ರ್’ ಇವೆ. ಮೊದಲನೆಯದು ಅರ್ಕಾವತ್ತು, ಎರಡನೆಯದು ನಿಜವಾದ ಕೊನೆಯ ‘ರ್’. ಇಳಿಸಿದ ಪಠ್ಯದಲ್ಲಿ ಇವೆರಡಕ್ಕೂ ಏನೂ ವ್ಯತ್ಯಾಸವಿಲ್ಲ. ಯೂಸರ್, ಫೋಲ್ಡರ್, ಸರ್ವರ್ ಅಂತ ‘ರ್’ನಿಂದ ಮುಗಿಯುವ ಪದಗಳೇ ನಮ್ಮಲ್ಲಿ ತುಂಬಿರುವಾಗ ಸ್ಕ್ರಿಪ್ಟ್ ಒಂದನ್ನು ಸರಿಮಾಡಿ ಇನ್ನೊಂದನ್ನು ಕೆಡಿಸುತ್ತದೆ. ಅಲ್ಲದೆ ಅದು ನನ್ನ ಕಂಪ್ಯೂಟರಿನಲ್ಲಿ ಮಾತ್ರ ನಡೆಯುವ ಚಿಕಿತ್ಸೆ. ಓದುಗರ ಕೈಗೆ ಹೋಗುವ ಫೈಲು ಹಾಗೇ ಇರುತ್ತದೆ.

ದಾರಿ ಸಿಕ್ಕಿದ್ದು ಆಕ್ಚುಯಲ್‌ಟೆಕ್ಸ್ಟ್‌ನಲ್ಲಿ. ಪಿಡಿಎಫ್ 1.4ರ ಕಾಲದಿಂದಲೂ ಇರುವ ಸೌಲಭ್ಯ ಇದು. ಒಂದಷ್ಟು ಚಿತ್ರಗಳಿಗೆ ಬೇಲಿ ಹಾಕಿ, “ಇಲ್ಲಿ ಕಾಣುವುದು ಏನೇ ಇರಲಿ, ಪಠ್ಯ ಅಂತ ಕೇಳಿದರೆ ಇದನ್ನು ಕೊಡು” ಅಂತ ಬರೆದಿಡಬಹುದು. ಝೀಲಾಟೆಕ್‌ನ ಒಳಗಿರುವ ಝೀಟೆಕ್‌ನಲ್ಲಿ ಇದನ್ನು ತಾನಾಗಿ ಮಾಡಿಸುವ ಆದೇಶವೇ ಇದೆ. ಬ್ಯಾಕ್‌ಸ್ಲ್ಯಾಶ್ ಹಾಕಿ, ಝೀಟೆಕ್ ಜನರೇಟ್ ಆಕ್ಚುಯಲ್ ಟೆಕ್ಸ್ಟ್ ಅನ್ನುವುದನ್ನು ಜಾಗ ಬಿಡದೆ ಒಂದೇ ಪದವಾಗಿ ಬರೆದು, ಮುಂದೆ =1 ಅಂತ ಕೊಟ್ಟರೆ ಆಯಿತು. ನಾವು ಹೇಳದಿದ್ದರೆ ಅದು ಸೊನ್ನೆಯಲ್ಲೇ ಇರುತ್ತದೆ. ಟೆಂಪ್ಲೇಟಿನ ತಲೆಭಾಗದಲ್ಲಿ ಈ ಒಂದು ಸಾಲು ಸೇರಿಸಿ ಮತ್ತೆ ಕಂಪೈಲ್ ಮಾಡಿದೆ. ಫೈಲನ್ನು ಮತ್ತೆ ಬಿಚ್ಚಿದೆ. ಬೇಲಿಯೊಳಗಿನ ಸಂಕೇತಗಳನ್ನು ಬಿಡಿಸಿ ಓದಿದರೆ 0ಸಿ95, 0ಸಿಬಿ0, 0ಸಿಸಿಡಿ, 0ಸಿಎ8 ಅಂತ ಬಂತು. ಅಂದರೆ ಕ, ರ, ಹಲಂತ, ನ! ಪಿಡಿಎಫ್ ತೆರೆಯುವ ಎವಿನ್ಸ್‌ನಲ್ಲಿ ಹುಡುಕಿದೆ, ಸಿಕ್ಕಿತು. ಓಕ್ಯುಲರ್‌ನಲ್ಲೂ ಸಿಕ್ಕಿತು. ಎರಡೂ ಪಾಪ್ಲರ್ ಅನ್ನುವ ಒಂದೇ ಲೈಬ್ರರಿಯ ಮೇಲೆ ನಿಂತಿವೆ, ಪಾಪ್ಲರ್‌ಗೆ ಆಕ್ಚುಯಲ್‌ಟೆಕ್ಸ್ಟ್ ಓದಲು ಬರುತ್ತದೆ.

ಇನ್ನೂ ಎರಡು ಬಾಲ ಉಳಿದಿವೆ. ಒಂದು, ಸಾಲಿನ ಕೊನೆಯಲ್ಲಿ ಮುರಿಯುವ ಪದ. ಬೇಲಿ ಬೀಳುವುದು ಪದಕ್ಕೊಂದರಂತೆ. ‘ಕಾನ್ಫಿಗರೇಷನ್’ ಮುರಿದು ಎರಡು ಸಾಲಿಗೆ ಹೋದರೆ ಎರಡು ಬೇಲಿ, ಹುಡುಕಿದರೆ ಆ ಒಂದು ಜಾಗ ತಪ್ಪಿಹೋಗುತ್ತದೆ. ಸದ್ಯಕ್ಕೆ ಪ್ಯಾಂಡಾಕ್‌ಗೆ ಲುವಾ ಭಾಷೆಯಲ್ಲಿ ಒಂದು ಫಿಲ್ಟರ್ ಬರೆದಿದ್ದೇನೆ. ಮುಖ್ಯ ಪಾರಿಭಾಷಿಕ ಪದಗಳ ಪಟ್ಟಿ ಕೊಟ್ಟರೆ ಅವನ್ನೆಲ್ಲ ಎಂಬಾಕ್ಸ್ ಒಳಗೆ ಹಾಕುತ್ತದೆ, ಪದ ಮುರಿಯುವುದಿಲ್ಲ. ಎರಡು ಅಂಕಣದ ಪುಟದಲ್ಲಿ ಇದರಿಂದ ಪದಗಳ ನಡುವೆ ಹಲ್ಲು ಕಿತ್ತಂತೆ ಜಾಗ ಬಿಟ್ಟುಕೊಂಡಿತು. ಹಾಗಾಗಿ ಪತ್ರಿಕೆಯನ್ನೇ ಒಂದು ಅಂಕಣಕ್ಕೆ ತಂದೆವು. ಪರದೆಯಲ್ಲಿ ಓದುವವರಿಗೆ ಅದೇ ಹಿತ, ಮೇಲೆ ಕೆಳಗೆ ಸರಿಸುವ ಕಾಟ ತಪ್ಪಿತು.

ಇನ್ನೊಂದು, ಕಣ್ಣಿಗೆ ಕಾಣದ ಝಡ್‌ಡಬ್ಲ್ಯುಎನ್‌ಜೆ, ಅಂದರೆ ಎರಡು ಅಕ್ಷರ ಕೂಡಿ ಒತ್ತಾಗದಂತೆ ತಡೆಯುವ ಗುರುತು. ‘ಸಾಫ್ಟ್‌ವೇರ್’ ಬರೆಯುವಾಗ ನಡುವೆ ಅದನ್ನು ಹಾಕದಿದ್ದರೆ ‘ಸಾಫ್ಟ್ವೇರ್’ ಆಗಿ ಒತ್ತು ಕೆಳಗಿಳಿಯುತ್ತದೆ. ಈಗ ಪಿಡಿಎಫ್ ಒಳಗೆ ಅದೂ ನಿಷ್ಠೆಯಿಂದ ಕೂತಿದೆ. ಓದುಗರು ಹುಡುಕುವಾಗ ಅದಿಲ್ಲದೆ ಟೈಪ್ ಮಾಡಿದರೆ ಸಿಗದೇ ಹೋಗಬಹುದು. ಬೇಲಿಯೊಳಗಿಂದ ಅದನ್ನು ಕಿತ್ತುಹಾಕಿ ಅಂತ ಗೆಳೆಯರೊಬ್ಬರು ಹೇಳಿದರು. ನನಗೆ ಮನಸ್ಸು ಒಪ್ಪಲಿಲ್ಲ. ಕಾಪಿ ಮಾಡಿದವರಿಗೆ ತಪ್ಪು ಕಾಗುಣಿತ ಹಂಚಿದ ಹಾಗಾಗುತ್ತದೆ. ‘ಸಾಫ್ಟ್’ ಅಂತಷ್ಟೇ ಹುಡುಕಿದರೆ ಸಿಗುತ್ತದೆ ಅಂತ ಪತ್ರಿಕೆಯ ಎರಡನೇ ಪುಟದಲ್ಲಿ ಒಂದು ಸಾಲು ಹಾಕಿದ್ದೇನೆ.

ಇದೆಲ್ಲ ಮತ್ತೆ ಕೆಡದಿರಲಿ ಅಂತ, ಸಂಚಿಕೆ ಕಟ್ಟುವ ಹೆಜ್ಜೆಗಳನ್ನು ಬರೆದಿಟ್ಟಿರುವ ಮೇಕ್‌ಫೈಲ್‌ನಲ್ಲಿ ಒಂದು ಪರೀಕ್ಷೆ ಸೇರಿಸಿದೆ. ಮೂಲ ಮಾರ್ಕ್‌ಡೌನ್‌ನಿಂದ ಅರ್ಕಾವತ್ತು ಇರುವ ಪದಗಳನ್ನೆಲ್ಲ ಹೆಕ್ಕುತ್ತದೆ. ಪಿಡಿಎಫ್‌ನಿಂದ ಪಠ್ಯ ಇಳಿಸಿ, ಎರಡನ್ನೂ ಎನ್‌ಎಫ್‌ಸಿ ಮಾಡಿ, ಒಂದೊಂದು ಪದವೂ ಅಲ್ಲಿದೆಯೇ ನೋಡುತ್ತದೆ. ಒಂದು ತಪ್ಪಿದರೂ ಸಂಚಿಕೆ ಕಟ್ಟುವುದು ಅಲ್ಲಿಗೇ ನಿಲ್ಲುತ್ತದೆ.

ಹೀಗೆ ಪದ ಹೆಕ್ಕುತ್ತಾ ಇರುವಾಗ ಮುಂದಿನ ಕೆಲಸ ತಲೆಗೆ ಹೊಕ್ಕಿತು: ವರ್ಷದ ಸಂಚಿಕೆಗಳಿಗೆಲ್ಲ ಒಂದು ಪದಸೂಚಿ! ಪದಗಳು ಹೇಗೂ ಕೈಯಲ್ಲಿವೆ, ಪುಟ ಸಂಖ್ಯೆ ಜೋಡಿಸಿದರೆ ಆಯಿತು ಅಂದುಕೊಂಡು ಸುಮ್ನೆ ಸಾರ್ಟ್ ಮಾಡಿ ನೋಡಿದೆ. ‘ಬಳಕೆದಾರ’ ಹೋಗಿ ‘ಬಹುಭಾಷೆ’ಗಿಂತ ಮೊದಲು ಕೂತಿತು. ಸಂಕೇತದ ಕ್ರಮದಲ್ಲಿ ‘ಳ’ ಇರುವುದು ‘ಲ’ದ ಪಕ್ಕದಲ್ಲೇ, 0ಸಿಬಿ3ರಲ್ಲಿ. ನಮ್ಮ ವರ್ಣಮಾಲೆಯಲ್ಲಿ ಅದು ‘ಹ’ ಆದಮೇಲೆ ಬರುತ್ತದೆ. ಭಾಷೆಗೆ ತಕ್ಕ ಹಾಗೆ ಪದ ಜೋಡಿಸುವ ಐಸಿಯು ಲೈಬ್ರರಿಗೆ ‘ಹ’ದ ನಂತರ ‘ಳ’ ಅಂತ ನಿಯಮ ಬರೆದುಕೊಟ್ಟು ವಿಂಗಡಿಸಬೇಕು. ಇದನ್ನು ಮಾಡಿಯೇ ತೀರುತ್ತೇನೆ.

ಈಗ ಪ್ರೆಸ್ಸಿನವರ ಕಥೆ. ಸಮ್ಮೇಳನಕ್ಕೆ ಹಂಚಲು ಒಂದಷ್ಟು ಅಚ್ಚಿನ ಪ್ರತಿ ಬೇಕಿತ್ತು. ಫಾಂಟ್‌ಗಳನ್ನೆಲ್ಲ ಒಳಗೇ ಸೇರಿಸಿದ ಪಿಡಿಎಫ್ ಕಳಿಸಿದರೆ ಫೋನ್ ಬಂತು: “ಸರ್, ನಿಮ್ಮ ಫೈಲಲ್ಲಿ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗಿದೆ. ವರ್ಡ್ ಫೈಲ್ ಇದ್ರೆ ಕೊಡಿ.” ಪಿಡಿಎಫ್ ಅನ್ನು ಹಾಗೇ ಅಚ್ಚಿನ ಪ್ಲೇಟ್‌ಗೆ ಕಳಿಸದೆ ಚಿತ್ರ ಬಿಡಿಸುವ ಇನ್ಯಾವುದೋ ತಂತ್ರಾಂಶದಲ್ಲಿ ತೆರೆದಿದ್ದರು. ಆ ತಂತ್ರಾಂಶ ಪಠ್ಯವನ್ನು ತನಗೆ ತೋಚಿದ ಹಾಗೆ ಮತ್ತೆ ಜೋಡಿಸಿದೆ. ಪುಟಗಳ ಅಂಚು ಸರಿಮಾಡಲು ಅಂತ ತೆರೆದರಂತೆ. ಅಂಚು ನಾವೇ ಬಿಟ್ಟಿದ್ದೆವು, ಮಧ್ಯ ಪಿನ್ ಹೊಡೆಯಲು ಒಟ್ಟು ಪುಟಗಳ ಸಂಖ್ಯೆಯನ್ನು ನಾಲ್ಕರ ಗುಣಕಕ್ಕೂ ತಂದಿದ್ದೆವು. ಇಷ್ಟು ಮಾಡಿದ ಮೇಲೂ ಹೀಗಾದರೆ ಹೊಟ್ಟೆ ಉರಿಯುತ್ತದೆ. ಕೊನೆಗೆ ಗೋಸ್ಟ್‌ಸ್ಕ್ರಿಪ್ಟ್‌ನ ನೋಔಟ್‌ಪುಟ್‌ಫಾಂಟ್ಸ್ ಆಯ್ಕೆ ಹಾಕಿ, ಅಕ್ಷರಗಳನ್ನೆಲ್ಲ ಬರೀ ರೇಖೆಗಳಾಗಿಸಿ ಕೊಟ್ಟೆ. ಆ ಫೈಲಿನಲ್ಲಿ ಹುಡುಕಲು ಬರುವುದಿಲ್ಲ, ಕಾಗದಕ್ಕೆ ಅದು ಬೇಕಾಗಿಯೂ ಇಲ್ಲ. ಇನ್ನು ಮೇಲೆ ಪ್ರತಿ ಸಂಚಿಕೆಗೂ ಎರಡು ಪಿಡಿಎಫ್: ಓದುಗರಿಗೊಂದು, ಪ್ರೆಸ್ಸಿಗೊಂದು.

ಲೇಖಕ ಮಿತ್ರರಲ್ಲಿ ಪ್ರೀತಿಯ ಬೇಡಿಕೆಗಳೂ ಇವೆ. ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ಚಿತ್ರ ತೊಡಿಸುವ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಲೇಖನ ಇನ್ನೂ ಬರುತ್ತಿದೆ. ಪರಿವರ್ತಕ ಇದೆ ನಿಜ, ಆದರೆ ನಡುವೆ ಇಂಗ್ಲಿಷ್ ಆದೇಶಗಳು ಬಂದರೆ ಅವನ್ನೂ ಕನ್ನಡ ಮಾಡಿಬಿಡುತ್ತದೆ. ದಯವಿಟ್ಟು ಯೂನಿಕೋಡ್‌ನಲ್ಲೇ ಕಳಿಸಿ. ವರ್ಡ್ ಪ್ರೊಸೆಸರ್‌ನ ಆಟೋಕರೆಕ್ಟ್ ಆರಿಸಿ ಬರೆಯಿರಿ. ಅದು ಎರಡು ಹೈಫನ್ನುಗಳನ್ನು ಒಂದು ಉದ್ದ ಗೆರೆ ಮಾಡುತ್ತದೆ, ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ. ಅಂಥ ಆದೇಶವನ್ನು ಕಾಪಿ ಮಾಡಿ ಟರ್ಮಿನಲ್‌ಗೆ ಹಾಕಿದ ಹೊಸಬರು ದೋಷ ಬಂದಾಗ ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ, ಪಾಪ. ಚಿತ್ರಗಳ ಪರವಾನಗಿಯನ್ನೂ ನೋಡಿ. ಪತ್ರಿಕೆ ಬರುವುದು ಕ್ರಿಯೇಟಿವ್ ಕಾಮನ್ಸ್ ಬೈ-ಎಸ್‌ಎ 4.0ರಲ್ಲಿ (ಹೆಸರು ಹೇಳಿ, ಅದೇ ಷರತ್ತಿನಲ್ಲಿ ಹಂಚಿ). ಎನ್‌ಸಿ (ವಾಣಿಜ್ಯ ಬಳಕೆ ಬೇಡ) ಅಂತ ಇರುವ ಚಿತ್ರವನ್ನು ಅದರೊಳಗೆ ಬೆರೆಸಲು ಆಗುವುದಿಲ್ಲ.

ಆಕ್ಚುಯಲ್‌ಟೆಕ್ಸ್ಟ್ ಅನ್ನು ಎಲ್ಲ ಪಿಡಿಎಫ್ ಓದುಗಗಳೂ ಗಮನಿಸುವುದಿಲ್ಲ. ಹಾಗಾಗಿ ಅದೇ ಮಾರ್ಕ್‌ಡೌನ್‌ನಿಂದ ಇಪಬ್ (ಇ-ಪುಸ್ತಕ) ಕೂಡ ಕಟ್ಟಲು ಶುರುಮಾಡಿದ್ದೇನೆ. ಅಲ್ಲಿ ಪಠ್ಯ ಉಚ್ಚಾರದ ಕ್ರಮದಲ್ಲೇ ಇರುತ್ತದೆ, ಈ ರಗಳೆಯೇ ಇಲ್ಲ. ಅದನ್ನು ಪರೀಕ್ಷಿಸುವ ಇಪಬ್‌ಚೆಕ್ ಇನ್ನೂ ಕೋಷ್ಟಕಗಳ ಬಗ್ಗೆ ಗೊಣಗುತ್ತಿದೆ, ಅದು ಈ ವಾರದ ಕೆಲಸ. ಅಷ್ಟರಲ್ಲಿ ‘ಳ’ದ ವಿಂಗಡಣೆಯ ನಿಯಮವನ್ನು ನಿಮ್ಮಲ್ಲಿ ಯಾರಾದರೂ ಆಗಲೇ ಬರೆದಿಟ್ಟಿದ್ದರೆ ಕಳಿಸಿಕೊಡಿ. ಮುಕ್ತ ಪರವಾನಗಿ ಇದ್ದರೆ ಹಾಗೇ ಮೇಕ್‌ಫೈಲ್‌ಗೆ ಸೇರಿಸಿಬಿಡುತ್ತೇನೆ.