ಗಲಾಟೆಯಲ್ಲಿ ಒಂದೇ ಫ್ರೇಮ್ ಸಾಲದು

ನಮ್ಮ ಪತ್ರಿಕೆಯ ಫೋಟೋ ವಿಭಾಗಕ್ಕೆ ಹೊಸಬರು ಸೇರಿದರೆ, ಅವರಿಗೆ ನಾನು ಮೊದಲು ತೋರಿಸುವುದು ಅಮೆರಿಕದ ಲಿಟಲ್ ರಾಕ್ ಊರಿನ ಚಿತ್ರಗಳನ್ನು. 1957ರ ಸೆಪ್ಟೆಂಬರ್‌ನಲ್ಲಿ ವಿಲ್ ಕೌಂಟ್ಸ್ ಎಂಬ ಪತ್ರಿಕಾ ಛಾಯಾಗ್ರಾಹಕ ತೆಗೆದವು. ಲೆನ್ಸು, ಲೈಟು ಎಲ್ಲ ಆಮೇಲೆ.

ಹಿನ್ನೆಲೆ ಇಷ್ಟು. ಕಪ್ಪು ಮಕ್ಕಳಿಗೆ, ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಇರಕೂಡದು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತ್ತು. ಆದರೂ ಸೆಂಟ್ರಲ್ ಹೈಸ್ಕೂಲಿಗೆ ಬಂದ ಒಂಬತ್ತು ಕಪ್ಪು ಮಕ್ಕಳನ್ನು ಆ ರಾಜ್ಯದ ಗವರ್ನರ್ ಓರ್ವಲ್ ಫಾಬಸ್ ರಾಜ್ಯದ ಪಡೆ ನಿಲ್ಲಿಸಿ ತಡೆದರು. ಸೆಪ್ಟೆಂಬರ್ 4ರಂದು 15 ವರ್ಷದ ಎಲಿಜಬೆತ್ ಎಕ್‌ಫರ್ಡ್ ಒಬ್ಬಳೇ ಬಂದಳು. ಎಲ್ಲರೂ ಒಟ್ಟಿಗೆ ಹೋಗೋಣ ಅಂತ ತೀರ್ಮಾನವಾಗಿದ್ದು ಅವಳಿಗೆ ಗೊತ್ತಾಗಿರಲಿಲ್ಲ, ಮನೆಯಲ್ಲಿ ಫೋನ್ ಇರಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡು, ಪುಸ್ತಕ ಹಿಡಿದು ಅವಳು ನಡೆಯುತ್ತಿದ್ದಾಳೆ, ಬೆನ್ನ ಹಿಂದೆಯೇ ಒಬ್ಬ ಬಿಳಿ ಹುಡುಗಿ ಬಾಯಿ ತೆರೆದು ಅರಚುತ್ತಿದ್ದಾಳೆ. ಆ ಚಿತ್ರವನ್ನು ನೀವೂ ನೋಡಿರುತ್ತೀರಿ.

ಆಗ ಪತ್ರಿಕೆಯವರ ಕೈಯಲ್ಲಿ ಜಾಸ್ತಿ ಇದ್ದದ್ದು ಸ್ಪೀಡ್ ಗ್ರಾಫಿಕ್ ಎಂಬ ದೊಡ್ಡ ಕ್ಯಾಮೆರಾ. ಒಂದು ಚಿತ್ರ ತೆಗೆದ ಮೇಲೆ ಫಿಲ್ಮ್ ಬದಲಿಸಿಕೊಳ್ಳಬೇಕು, ಅಷ್ಟರಲ್ಲಿ ಹೊಡೆದವನು ಗುಂಪಿನಲ್ಲಿ ಕರಗಿಹೋಗಿರುತ್ತಾನೆ. ಕೌಂಟ್ಸ್ ಹಿಡಿದದ್ದು 35 ಮಿ.ಮೀ.ನ ಚಿಕ್ಕ ನಿಕಾನ್, ಒಂದು ರೋಲಿಗೆ 36 ಚಿತ್ರ. ಸೂಟು ಬಿಟ್ಟು ಚೌಕಳಿ ಶರ್ಟು ಹಾಕಿಕೊಂಡು ಹೋಗಿದ್ದರು, ಜನರ ನಡುವೆ ಎದ್ದು ಕಾಣಬಾರದು ಅಂತ.

ನಾನು ನಿಧಾನವಾಗಿ ತೋರಿಸುವುದು ಸೆಪ್ಟೆಂಬರ್ 23ರ ಚಿತ್ರಗಳನ್ನು. ಮೆಂಫಿಸ್ ನಗರದ, ಕಪ್ಪು ಜನರ ಪತ್ರಿಕೆಯೊಂದರ ಸಂಪಾದಕ ಎಲ್. ಅಲೆಕ್ಸ್ ವಿಲ್ಸನ್ ವರದಿಗೆ ಬಂದಿದ್ದರು, ಅವರೂ ಕಪ್ಪು ಜನಾಂಗದವರು. ಆರಡಿ ಮೀರಿದ ಆಳು. ಗುಂಪು ಮೈಮೇಲೆ ಬಿತ್ತು. ಒಬ್ಬ ಒದೆಯುತ್ತಾನೆ, ಇನ್ನೊಬ್ಬ ಕೈಯಲ್ಲಿ ಇಟ್ಟಿಗೆ ಹಿಡಿದು ಬೆನ್ನಿಗೆ ಜಿಗಿಯುತ್ತಾನೆ. ವಿಲ್ಸನ್ ಓಡಲಿಲ್ಲ. ಬಿದ್ದ ಹ್ಯಾಟನ್ನು ಎತ್ತಿ, ಅದರ ಮಡಿಕೆ ಸರಿಮಾಡಿಕೊಂಡು ನಡೆದರು. ಒಂದೇ ಫ್ರೇಮ್ ಇದ್ದಿದ್ದರೆ ನಮಗೆ ಕಾಣುತ್ತಿದ್ದದ್ದು ಏಟು ತಿಂದ ಮನುಷ್ಯ ಮಾತ್ರ. ಸಾಲಾಗಿ ನೋಡಿದಾಗ ಯಾರು ಶುರುಮಾಡಿದರು, ಯಾರು ಸುಮ್ನೆ ನಿಂತು ನೋಡಿದರು ಎಲ್ಲ ಗೊತ್ತಾಗುತ್ತದೆ. ಇತ್ತ ಗುಂಪು ಇವರ ಮೇಲೆ ಬಿದ್ದಿರುವಾಗ, ಅತ್ತ ಆ ಒಂಬತ್ತು ಮಕ್ಕಳು ಪಕ್ಕದ ಬಾಗಿಲಿಂದ ಶಾಲೆಯೊಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಪೊಲೀಸರೇ ಅವರನ್ನು ಹೊರಗೆ ಕರೆತರಬೇಕಾಯಿತು. ಮಾರನೇ ದಿನ ಅಧ್ಯಕ್ಷ ಐಸೆನ್‌ಹೋವರ್ ಮಕ್ಕಳ ರಕ್ಷಣೆಗೆ ಸೇನೆ ಕಳಿಸಿದರು.

ಅದೇ ಬೆಳಿಗ್ಗೆ, ಅದೇ ಬೀದಿಯಲ್ಲಿ, ಕಪ್ಪು ಛಾಯಾಗ್ರಾಹಕ ಅರ್ಲ್ ಡೇವಿ ಕೂಡ ಇದ್ದರು. ಗುಂಪಿನವರು ಅವರ ಕ್ಯಾಮೆರಾವನ್ನು ನೆಲಕ್ಕೆ ಕುಕ್ಕಿ ಒಡೆದರು. ಕೆಲಸ ಒಂದೇ ಅಲ್ವಾ? ಕೌಂಟ್ಸ್ ಬಿಳಿಯರಾದ್ದರಿಂದ ಅಷ್ಟು ಹತ್ತಿರ ನಿಲ್ಲಲು ಆಯಿತು, ಶರ್ಟು ಆಮೇಲಿನ ಮಾತು. ಇದನ್ನು ನಾನು ಹೊಸಬರಿಗೆ ಬಿಡಿಸಿ ಹೇಳುತ್ತೇನೆ. ಗುಂಪು ಯಾರನ್ನೋ ಹುಡುಕುತ್ತಿದೆ, ನಿಮ್ಮ ಹೆಸರು, ಮುಖ, ಮಾತು ನೋಡಿ ನಿಮ್ಮನ್ನು ಬಿಟ್ಟಿದೆ ಅಂದರೆ, ಅಲ್ಲಿ ನಿಲ್ಲುವ ಜವಾಬ್ದಾರಿ ನಿಮ್ಮದೇ, ಯಾಕೆಂದರೆ ನಿಮ್ಮ ಪಕ್ಕದ ಸಹೋದ್ಯೋಗಿಗೆ ಆ ಜಾಗ ಸಿಗದೇ ಹೋಗಬಹುದು.

ಚಿತ್ರ ತೆಗೆಯುವುದಾ, ಜಗಳ ಬಿಡಿಸುವುದಾ ಅಂತ ಹೊಸಬರು ಕೇಳುತ್ತಾರೆ. ನೀವು ಕೈ ಹಾಕಿದರೆ ಜೀವ ಉಳಿಯುತ್ತದೆ ಅನ್ನಿಸಿದರೆ ಕ್ಯಾಮೆರಾ ಕೆಳಗಿಡಿ. ಆಗದಿದ್ದರೆ ಬಟನ್ ಬಿಡಬೇಡಿ.

ನಮ್ಮಲ್ಲಿ ಈಗ ಒಂದು ಪದ್ಧತಿ ಇದೆ. ಗಲಾಟೆಯಿಂದ ಬಂದವರು ಚೆನ್ನಾಗಿರುವ ಮೂರು ಚಿತ್ರ ಆರಿಸಿಕೊಟ್ಟು ಮನೆಗೆ ಹೋಗುವಂತಿಲ್ಲ. ಇಡೀ ಕಾರ್ಡನ್ನು ತೆಗೆದ ಕ್ರಮದಲ್ಲೇ ಕಾಪಿ ಮಾಡುತ್ತೇವೆ. ಮಸುಕಾದದ್ದನ್ನೂ ಅಳಿಸುವುದಿಲ್ಲ. ಅಂಚಿನಲ್ಲಿ ನಿಂತವರ ಮುಖ ಕತ್ತರಿಸುವುದಿಲ್ಲ. ಎಲ್ಲಿ, ಎಷ್ಟು ಗಂಟೆಗೆ ಅಂತ ಅವತ್ತೇ ಬರೆಸುತ್ತೇವೆ. ಅದಾದ ಮೇಲೆಯೇ ಕಾರ್ಡ್ ಫಾರ್ಮ್ಯಾಟ್.