ತಂಗಿಯ ಪಾರ್ಲರ್‌ನ ನೇರಳೆ ಡಬ್ಬಿ

ಭಾನುವಾರ ಬೆಳಿಗ್ಗೆ ಹಿಟ್ಟು ರುಬ್ಬೋಣ ಅಂತ ಗ್ರೈಂಡರಿಗೆ ಅಕ್ಕಿ ಸುರಿದಿದ್ದೆ. ಅಷ್ಟರಲ್ಲಿ ಚಿಕ್ಕಮ್ಮನ ಮಗಳ ಫೋನು. “ಅಕ್ಕಾ, ಮದುವೆ ಹುಡುಗಿ ಉಗುರಿಂದು ಬೇಡ ಅಂದ್ಬಿಟ್ಳು. ಅವರ ಸೋದರತ್ತೆ ಏನೋ ವಿಡಿಯೊ ಕಳಿಸಿದ್ದಾರಂತೆ. ಲ್ಯಾಂಪಿಂದ ಕೈಗೆ ಕ್ಯಾನ್ಸರ್ ಬರುತ್ತಂತೆ. ನೀನೇ ಒಂದ್ಸಲ ನೋಡಿ ಹೇಳು.”

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಹಾಗಾಗಿ ನಮ್ಮ ಮನೆತನದ ವಾಟ್ಸಾಪ್ ಪಂಚಾಯ್ತಿ ಎಲ್ಲ ಕೊನೆಗೆ ನನ್ನ ಹತ್ತಿರವೇ ಬರುತ್ತದೆ. ತಂಗಿ ಕೋಲಾರದಲ್ಲಿ ಡೂಮ್‌ಲೈಟ್ ಸರ್ಕಲ್‌ನಿಂದ ಸ್ವಲ್ಪ ಒಳಗೆ ಪುಟ್ಟ ಪಾರ್ಲರ್ ಇಟ್ಟುಕೊಂಡಿದ್ದಾಳೆ. ಎರಡು ಕುರ್ಚಿ, ಒಂದು ದೊಡ್ಡ ಕನ್ನಡಿ, ಬಾಗಿಲಿಗೆ ಹೂವಿನ ಪರದೆ. ಮೊದಲು ಐಬ್ರೋ, ಫೇಶಿಯಲ್, ಮದುವೆ ಮೇಕಪ್ ಅಷ್ಟೇ ಇತ್ತು. ಎರಡು ವರ್ಷದಿಂದ ಜೆಲ್ ನೇಲ್ ಪಾಲಿಶ್ ಕೂಡ ಮಾಡುತ್ತಾಳೆ (ಉಗುರಿಗೆ ಜೆಲ್ ಹಚ್ಚಿ, ನೇರಳೆ ಬೆಳಕಿನ ಪುಟ್ಟ ಡಬ್ಬಿಯಂಥ ಲ್ಯಾಂಪಿನೊಳಗೆ ಕೈ ಇಟ್ಟು ಗಟ್ಟಿ ಮಾಡುವುದು), ಏಕೆಂದರೆ ಈಗಿನ ಮದುಮಗಳಿಗೆ ಮೆಹಂದಿ ಜೊತೆ ಉಗುರೂ ಮಿಂಚಬೇಕು, ಇಲ್ಲದಿದ್ದರೆ ಉಂಗುರ ತೋರಿಸೋ ಫೋಟೊ ಚೆನ್ನಾಗಿ ಬರಲ್ಲವಂತೆ.

ವಿಡಿಯೊ ನೋಡಿದೆ. ಕೆಂಪು ಅಕ್ಷರ, ಢಂ ಅನ್ನೋ ಸದ್ದು, ನೇರಳೆ ಬೆಳಕಿನಲ್ಲಿ ಒಂದು ಕೈ, ಪಕ್ಕದಲ್ಲಿ ಎಕ್ಸ್‌ರೇ ಚಿತ್ರ. ಎಕ್ಸ್‌ರೇಗೂ ಇದಕ್ಕೂ ಸಂಬಂಧವೇ ಇಲ್ಲ, ಇರಲಿ. “ವಿಜ್ಞಾನಿಗಳೇ ಹೇಳಿದ್ದಾರೆ” ಅಂತ ನಾಲ್ಕು ಸಲ ಬಂತು. ಯಾವ ವಿಜ್ಞಾನಿಗಳು, ಏನು ಹೇಳಿದರು ಅನ್ನೋದು ಒಂದು ಸಲವೂ ಬರಲಿಲ್ಲ.

ಆದರೆ ವಿಡಿಯೊ ಪೂರ್ತಿ ಸುಳ್ಳೂ ಅಲ್ಲ. 2023ರ ಜನವರಿಯಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಲುಡ್ಮಿಲ್ ಅಲೆಕ್ಸಾಂಡ್ರೊವ್, ಮರಿಯಾ ಝಿವಾಗುಯಿ ಮತ್ತು ಜೊತೆಯವರದ್ದು. ಅಲೆಕ್ಸಾಂಡ್ರೊವ್ ಅವರಿಗೆ ಈ ಯೋಚನೆ ಹೊಳೆದದ್ದು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಕಾಯುತ್ತ ಕೂತಿದ್ದಾಗ. ಅಲ್ಲಿದ್ದ ಮ್ಯಾಗಜೀನ್‌ನಲ್ಲಿ, ಬೆರಳಿಗೆ ಅಪರೂಪದ ಚರ್ಮದ ಕ್ಯಾನ್ಸರ್ ಬಂದ ಸೌಂದರ್ಯ ಸ್ಪರ್ಧೆಯ ಹುಡುಗಿಯೊಬ್ಬಳ ಕಥೆ ಓದಿದರಂತೆ. (ದಂತವೈದ್ಯರ ವಿಷಯ ಕೊನೆಗೆ ಇನ್ನೊಂದು ಸಲ ಬರುತ್ತದೆ.)

ಅವರು ಮನುಷ್ಯರ ಮತ್ತು ಇಲಿಯ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ನೇಲ್ ಲ್ಯಾಂಪ್ ಕೆಳಗೆ ಇಟ್ಟರು. ಒಂದೇ ಸಲ 20 ನಿಮಿಷ ಇಟ್ಟಾಗ 20ರಿಂದ 30 ಶೇಕಡಾ ಕೋಶಗಳು ಸತ್ತವು. ಮೂರು ಸಲ 20 ನಿಮಿಷ ಇಟ್ಟಾಗ 65ರಿಂದ 70 ಶೇಕಡಾ. ಉಳಿದ ಕೋಶಗಳ ಡಿಎನ್ಎಯಲ್ಲೂ ಹಾನಿ ಕಾಣಿಸಿತು. ಝಿವಾಗುಯಿ ಅವರು ತಾವೇ ಜೆಲ್ ಹಾಕಿಸಿಕೊಳ್ಳುತ್ತಿದ್ದವರು, ಇದನ್ನು ನೋಡಿ ಬಿಟ್ಟುಬಿಟ್ಟೆ ಅಂದರು. ಅದನ್ನೂ ಮುಚ್ಚಿಡಬಾರದು. ಹಾಗೇ ಅದೇ ತಂಡ, ಇದರಿಂದ ಮನುಷ್ಯರಿಗೆ ಕ್ಯಾನ್ಸರ್ ಬರುತ್ತೆ ಅಂತ ನಾವು ತೋರಿಸಿಲ್ಲ, ಅದಕ್ಕೆ ಜನರನ್ನೇ ವರ್ಷಗಟ್ಟಲೆ ಗಮನಿಸುವ ಅಧ್ಯಯನ ಬೇಕು, ಹತ್ತು ವರ್ಷವಾದರೂ ಹಿಡಿಯಬಹುದು ಅಂತಲೂ ಹೇಳಿತ್ತು. ವಿಡಿಯೊದವರಿಗೆ ಸಿಕ್ಕಿದ್ದು ಮೊದಲರ್ಧ ಮಾತ್ರ.

ತಟ್ಟೆಯಲ್ಲಿರುವ ಕೋಶಕ್ಕೆ ಮೇಲೊಂದು ಸತ್ತ ಚರ್ಮದ ಪದರ ಇಲ್ಲ. ನಮ್ಮ ಕೈಗೆ ಇದೆ, ಬೆಳಕನ್ನು ಅಷ್ಟೋ ಇಷ್ಟೋ ತಡೆಯುತ್ತದೆ. ಇನ್ನು 20 ನಿಮಿಷದ ಮಾತು. ಅವತ್ತು ಮಧ್ಯಾಹ್ನ ಪಾರ್ಲರ್‌ಗೆ ಹೋಗಿ, ತಂಗಿ ಒಬ್ಬ ಕಾಲೇಜು ಹುಡುಗಿಗೆ ಜೆಲ್ ಹಾಕುತ್ತಿದ್ದಾಗ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತೆ. ಬೇಸ್ ಕೋಟ್ 60 ಸೆಕೆಂಡು, ಬಣ್ಣ 60, ಮತ್ತೆ ಬಣ್ಣ 60, ಟಾಪ್ ಕೋಟ್ 60. ಒಂದು ಕೈಗೆ ನಾಲ್ಕು ನಿಮಿಷ, ಎರಡು ಮೂರು ವಾರಕ್ಕೆ ಒಂದು ಸಲ. ಅವಳದ್ದು ಎಲ್‌ಇಡಿ ಲ್ಯಾಂಪು. ಹಳೇ ಟ್ಯೂಬಿನ ಲ್ಯಾಂಪಾದರೆ ಒಂದೊಂದು ಕೋಟ್‌ಗೂ ಎರಡು ಮೂರು ನಿಮಿಷ ಬೇಕು. ಎಲ್‌ಇಡಿ ಅಂದರೆ ಯುವಿ (ನೇರಳಾತೀತ ಕಿರಣ) ಇಲ್ಲ ಅಂತ ಮಾರುವವರು ಹೇಳುತ್ತಾರಲ್ಲ, ಅದು ತಪ್ಪು. ಅದೂ ಯುವಿಯ ಒಂದು ಬಗೆಯಾದ ಯುವಿಎ ಬೆಳಕನ್ನೇ ಕೊಡುವುದು.

ಭಯ ಹೊಸದೂ ಅಲ್ಲ. 2009ರಲ್ಲಿ ಅಮೆರಿಕದ ಇಬ್ಬರು ಮಹಿಳೆಯರ ಕೈಮೇಲೆ ಚರ್ಮದ ಕ್ಯಾನ್ಸರ್ ಬಂದಿತ್ತು, ಇಬ್ಬರೂ ಇಂಥ ಲ್ಯಾಂಪ್ ಬಳಸಿದ್ದರು ಅಂತ ವೈದ್ಯರು ಬರೆದರು. ಇಬ್ಬರನ್ನು ನೋಡಿ ಕಾರಣ ಇದೇ ಅನ್ನಲು ಆಗಲ್ಲ ಅಲ್ವಾ. ಆಮೇಲೆ ಬೇರೆಯವರು ಲ್ಯಾಂಪನ್ನು ಅಳೆದು ಲೆಕ್ಕ ಹಾಕಿದರು. ಸೋರಿಯಾಸಿಸ್‌ನಂಥ ಕಾಯಿಲೆಗೆ ಚರ್ಮದ ಡಾಕ್ಟರೇ ಕೊಡುವ ಯುವಿಬಿ (ಯುವಿಯ ಇನ್ನೊಂದು ಬಗೆ) ಬೆಳಕಿನ ಚಿಕಿತ್ಸೆ ಇದೆಯಲ್ಲ, ಅದರ ಒಂದು ಕೋರ್ಸಿನಷ್ಟು ಅಪಾಯ ಆಗಬೇಕಾದರೆ ವಾರಕ್ಕೊಮ್ಮೆಯಂತೆ 250 ವರ್ಷಕ್ಕಿಂತ ಜಾಸ್ತಿ ಉಗುರು ಮಾಡಿಸಿಕೊಳ್ಳಬೇಕು ಅಂತ ಬಂತು. 2014ರಲ್ಲಿ ಇನ್ನೊಂದು ತಂಡ 16 ಪಾರ್ಲರ್‌ಗಳ 17 ಲ್ಯಾಂಪ್ ಅಳೆಯಿತು. ಒಂದೊಂದು ಲ್ಯಾಂಪು ಒಂದೊಂದು ಥರ, ಆದರೂ ಅಪಾಯ ಸಣ್ಣದು ಅಂದಿತು. ಸೊನ್ನೆ ಅಂತ ಯಾರೂ ಅಂದಿಲ್ಲ, ನಾನೂ ಅನ್ನಲ್ಲ. ಭೂಮಿಗೆ ತಲುಪುವ ಸೂರ್ಯನ ಯುವಿಯಲ್ಲಿ ಸುಮಾರು 95 ಶೇಕಡಾ ಇದೇ ಯುವಿಎ. ಸೋದರತ್ತೆ ಏಪ್ರಿಲ್ ಬಿಸಿಲಿನಲ್ಲಿ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತಿ ಬರುತ್ತಾರೆ, ಕೊಡೆ ಹಿಡಿಯಲ್ಲ. ಇದನ್ನು ಅವರಿಗೆ ಹೇಳುವ ಧೈರ್ಯ ತಂಗಿಗೂ ಇಲ್ಲ, ನನಗೂ ಇಲ್ಲ.

ಸ್ಟಾಪ್‌ವಾಚ್ ಹಿಡಿದು ಕೂತಿದ್ದಾಗ ಒಂದು ಸಂಗತಿ ನೋಡಿದೆ. ಎರಡನೇ ಬಣ್ಣಕ್ಕೆ ಕೈ ಒಳಗೆ ಇಟ್ಟು ಹತ್ತು ಸೆಕೆಂಡಾಗಿತ್ತು, ಹುಡುಗಿ “ಅಯ್ಯಮ್ಮಾ” ಅಂತ ಕೈ ಎಳೆದುಕೊಂಡಳು. ಉಗುರು ಚುರ್ ಅಂದಿತ್ತು. “ರೇಡಿಯೇಷನ್ ಆಂಟಿ ಅದು, ನನ್ನ ಫ್ರೆಂಡ್ ಹೇಳಿದ್ಲು” ಅಂತ ನನ್ನ ಕಡೆ ನೋಡಿದಳು. ರೇಡಿಯೇಷನ್ ಸುಡುತ್ತಿರುವುದಲ್ಲ ಅದು. ಜೆಲ್ ಅನ್ನೋದು ಬಿಡಿ ಬಿಡಿ ಸಣ್ಣ ಅಣುಗಳು. ಬೆಳಕು ಬಿದ್ದ ತಕ್ಷಣ ಕೈಕೈ ಹಿಡಿದುಕೊಂಡು ಉದ್ದ ಸರಪಳಿ ಆಗುತ್ತವೆ, ಹಾಗೆ ಹಿಡಿಯುವಾಗ ಶಾಖ ಬಿಡುತ್ತವೆ. ನೀರು ಹಾಕಿದಾಗ ಸುಣ್ಣ ಕುದಿಯುತ್ತಲ್ಲ, ಹಾಗೆ ಇದೂ ರಸಾಯನದ ಶಾಖವೇ. ಜೆಲ್ ದಪ್ಪ ಹಚ್ಚಿದಷ್ಟೂ ಬಿಸಿ ಜಾಸ್ತಿ. ಬಿಸಿ ಅಂತ ಕೈ ಎಳೆದುಕೊಂಡರೆ ಜೆಲ್ ಒಳಗೊಳಗೇ ಅರೆಬರೆ ಹಸಿ ಉಳಿಯುತ್ತದೆ.

ಈ ಹಸಿ ಜೆಲ್ಲಿನ ಮಾತು ಆಡುತ್ತ ಆಡುತ್ತ ತಂಗಿ ಒಂದು ಕೆಲಸ ಮಾಡಿದಳು. ಹುಡುಗಿಯ ಉಗುರಿನ ಪಕ್ಕಕ್ಕೆ ಜಾರಿದ ಜೆಲ್ಲನ್ನು ತನ್ನ ಹೆಬ್ಬೆರಳಿಂದ ಸವರಿ ಏಪ್ರನ್‌ಗೆ ಒರೆಸಿಕೊಂಡಳು. ಎಷ್ಟು ಸಹಜವಾಗಿ ಅಂದರೆ, ದೋಸೆ ಹಿಟ್ಟು ಚೆಲ್ಲಿದರೆ ನಾವು ಬೆರಳಲ್ಲಿ ಬಳಿಯುತ್ತೇವಲ್ಲ, ಹಾಗೆ.

“ನಿನ್ನ ಕೈ ತೋರಿಸು” ಅಂದೆ.

ಬಲಗೈ ಹೆಬ್ಬೆರಳು, ಪಕ್ಕದ ಎರಡು ಬೆರಳು, ತುದಿಯಲ್ಲೆಲ್ಲ ಚರ್ಮ ಈರುಳ್ಳಿ ಸಿಪ್ಪೆ ಥರ ಎದ್ದಿತ್ತು. ಹೆಬ್ಬೆರಳಲ್ಲಿ ಉದ್ದಕ್ಕೆ ಒಂದು ಸೀಳು, ಒಳಗೆ ಕೆಂಪು. “ಪಾತ್ರೆ ಸೋಪಿಂದ ಅಕ್ಕಾ. ನಾಲ್ಕು ತಿಂಗಳಾಯ್ತು. ಸಾರಿಗೆ ಹುಣಸೆಹಣ್ಣು ಕಿವುಚೋಕೂ ಆಗ್ತಿಲ್ಲ, ಉರಿಯುತ್ತೆ.” ಕಣ್ಣಿನ ರೆಪ್ಪೆ ಕೂಡ ಆಗಾಗ ಊದಿ ತುರಿಸುತ್ತಂತೆ. ಅದಕ್ಕೆ ಕಾಡಿಗೆ ಕಾರಣ ಅಂದುಕೊಂಡು ಕಾಡಿಗೆ ಬಿಟ್ಟಿದ್ದಾಳೆ. ಸೋಪು ಬದಲಿಸಿದ್ದಾಳೆ, ಕೊಬ್ಬರಿ ಎಣ್ಣೆ ಹಚ್ಚಿದ್ದಾಳೆ. ದಿನಾ ಮುಟ್ಟುವ ಬಾಟಲಿಯ ಮೇಲೆ ಮಾತ್ರ ಅನುಮಾನ ಬಂದಿಲ್ಲ.

ಬಾಟಲಿ ತಿರುಗಿಸಿ ನೋಡಿದೆ. ಆನ್‌ಲೈನಿನಲ್ಲಿ ಕಡಿಮೆ ಬೆಲೆಗೆ ತರಿಸಿದ ಕಿಟ್ಟು. ಭೂತಗನ್ನಡಿ ಬೇಕು, ಅಷ್ಟು ಸಣ್ಣ ಅಕ್ಷರ. ಪಟ್ಟಿಯಲ್ಲಿ ಎಚ್‌ಇಎಂಎ ಇತ್ತು. ಕೂಡಿಸಿ ಓದಿದರೆ ಹೇಮಾ, ಪಕ್ಕದ ಮನೆಯವಳನ್ನು ಕರೆದಂಗಿದೆ. ಪೂರ್ತಿ ಹೆಸರು ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್. ಗಟ್ಟಿಯಾದ ಮೇಲೆ ಹೆಚ್ಚು ತೊಂದರೆ ಕೊಡಲ್ಲ. ಹಸಿಯಾಗಿದ್ದಾಗ ಅಣು ಎಷ್ಟು ಪುಟ್ಟದೆಂದರೆ ಚರ್ಮದೊಳಗೆ ಸುಲಭವಾಗಿ ಇಳಿಯುತ್ತದೆ. ತೆಳ್ಳನೆ ಗ್ಲೌಸನ್ನೂ ಕೆಲವೇ ನಿಮಿಷದಲ್ಲಿ ದಾಟುತ್ತದೆ. ಒಮ್ಮೆ ಮೈ ಇದನ್ನು ಶತ್ರು ಅಂತ ಗುರುತಿಟ್ಟುಕೊಂಡರೆ ಮುಗಿಯಿತು, ಸಾಮಾನ್ಯವಾಗಿ ಜೀವಮಾನ ಪೂರ್ತಿ ಮರೆಯಲ್ಲ. ಕಪ್ಪು ಮೆಹಂದಿ ಹಾಕಿಸಿಕೊಂಡು ಬೊಬ್ಬೆ ಎದ್ದವರಿಗೆ ಮುಂದೆ ತಲೆಗೆ ಡೈ ಹಚ್ಚಿದಾಗಲೂ ಮುಖ ಊದಿಕೊಳ್ಳುತ್ತಲ್ಲ, ಆ ಜಾತಿಯ ಅಲರ್ಜಿ ಇದು.

ಬ್ರಿಟನ್ನಿನ ಚರ್ಮವೈದ್ಯರ ಸಂಘ 2018ರಲ್ಲೇ ಇದರ ಬಗ್ಗೆ ಎಚ್ಚರಿಸಿತ್ತು. ಅಲ್ಲಿ ಅಲರ್ಜಿ ಪರೀಕ್ಷೆಗೆ ಬಂದವರಲ್ಲಿ 2.4 ಶೇಕಡಾ ಜನರಿಗೆ ಈ ಮೆಥಾಕ್ರಿಲೇಟ್ ಗುಂಪಿನ ಯಾವುದಾದರೂ ಒಂದು ರಾಸಾಯನಿಕ ಆಗಿಬರುತ್ತಿರಲಿಲ್ಲ. ಯುರೋಪಿನಲ್ಲಿ 2021ರಿಂದ ಹೇಮಾ ಇರುವ ಉಗುರಿನ ಸಾಮಾನಿನ ಮೇಲೆ, ಇದು ವೃತ್ತಿಯವರಿಗೆ ಮಾತ್ರ, ಅಲರ್ಜಿ ಆಗಬಹುದು ಅಂತ ಬರೆಯಲೇಬೇಕು. ಇದಕ್ಕೆ ಢಂ ಅನ್ನೋ ಮ್ಯೂಸಿಕ್ ಹಾಕಿ ಯಾರೂ ವಿಡಿಯೊ ಕಳಿಸಲಿಲ್ಲ. ಕ್ಯಾನ್ಸರ್ ಅಂದರೆ ಎಲ್ಲರೂ ವಿಡಿಯೊ ಒತ್ತುತ್ತಾರೆ, ತುರಿಕೆ ಅಂದರೆ ಯಾರು ಒತ್ತುತ್ತಾರೆ? ನನಗೆ ಸಿಟ್ಟು ಬಂದಿದ್ದು ಇದಕ್ಕೇ. ಆ ವಿಡಿಯೊ ನೋಡಿ ಊರೆಲ್ಲ ಡಬ್ಬಿಯ ಕಡೆ ಬೆರಳು ತೋರಿಸುತ್ತಿತ್ತು, ಸೀಳಿದ್ದ ಬೆರಳನ್ನು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಪ್ರತಿ ಹಬ್ಬಕ್ಕೂ ಅವಳ ಕೈಯಿಂದಲೇ ಅರಿಶಿನ ಕುಂಕುಮ ತಗೊಂಡಿದ್ದೀನಿ.

ಇನ್ನೊಂದು ಫಾರ್ವರ್ಡ್ ಕೂಡ ಓಡಾಡುತ್ತಿದೆ, ಯುರೋಪಿನಲ್ಲಿ ಜೆಲ್ ಪಾಲಿಶ್ ನಿಷೇಧ ಅಂತ. ಹಾಗಲ್ಲ. ಟಿಪಿಒ ಅನ್ನೋ ಒಂದೇ ಒಂದು ವಸ್ತುವನ್ನು 2025ರ ಸೆಪ್ಟೆಂಬರ್ 1ರಿಂದ ಅಲ್ಲಿ ನಿಷೇಧಿಸಿದ್ದಾರೆ. ಬೆಳಕು ಬಿದ್ದಾಗ ಜೆಲ್ ಗಟ್ಟಿಯಾಗೋದನ್ನು ಶುರು ಮಾಡುವ ವಸ್ತು ಅದು. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಸಂತಾನಶಕ್ತಿಗೆ ತೊಂದರೆ ಕಂಡಿತ್ತು. ಟಿಪಿಒ ಇಲ್ಲದ ಜೆಲ್ ಅಲ್ಲೂ ಮಾರಾಟ ಆಗುತ್ತದೆ.

ಈಗ ಪಾರ್ಲರ್‌ನಲ್ಲಿ ಏನೇನು ಬದಲಾಯಿತು ಅಂದರೆ, ಆ ಕಿಟ್ಟು ಕಸಕ್ಕೆ ಹೋಯಿತು. ಜಾರಿದ ಜೆಲ್ಲನ್ನು ಬೆರಳಲ್ಲಿ ಮುಟ್ಟುವುದಿಲ್ಲ, ಕಡ್ಡಿಗೆ ಹತ್ತಿ ಸುತ್ತಿ ಒರೆಸುತ್ತಾಳೆ. ತೆಳ್ಳಗೆ ಹಚ್ಚುತ್ತಾಳೆ, ಟೈಮರ್ ಪೂರ್ತಿ ಮುಗಿಯೋವರೆಗೂ ಕೈ ತೆಗೆಯಲು ಬಿಡಲ್ಲ. ಬೆಳಕಿನ ಭಯ ಇರುವವರಿಗೆ 20 ನಿಮಿಷ ಮೊದಲೇ ಕೈಗೆ ಸನ್‌ಸ್ಕ್ರೀನ್ ಹಚ್ಚಿಕೊಂಡು ಬನ್ನಿ ಅನ್ನುತ್ತಾಳೆ. ಎಸ್‌ಪಿಎಫ್ ಒಂದೇ ನೋಡಿದರೆ ಸಾಲದು, ಯುವಿಎಗೂ ತಡೆ ಇರಬೇಕು, ಟ್ಯೂಬಿನ ಮೇಲೆ ಪಿಎ ಪ್ಲಸ್ ಪ್ಲಸ್ ಅಂತ ಇರುತ್ತಲ್ಲ ಅದು. ಮೊಡವೆಗೆ ಡಾಕ್ಸಿಸೈಕ್ಲಿನ್ ಮಾತ್ರೆ ತಗೊಳ್ಳುವವರು, ಲೂಪಸ್ ಅನ್ನೋ ಕಾಯಿಲೆ ಇರುವವರು ಮಾತ್ರ ಮೊದಲು ಡಾಕ್ಟರನ್ನು ಕೇಳಲೇಬೇಕು, ಏಕೆಂದರೆ ಅವರ ಚರ್ಮ ಬೆಳಕಿಗೆ ಬೇಗ ಕೆರಳುತ್ತದೆ.

ಮದುವೆ ಹುಡುಗಿ ಮತ್ತೆ ಬಂದಳು. ಸ್ಕೂಟಿ ಓಡಿಸುವಾಗ ಬಿಸಿಲಿಗೆ ಹಾಕಿಕೊಳ್ಳುತ್ತಿದ್ದ ಗ್ಲೌಸಿನ ಬೆರಳ ತುದಿ ಕತ್ತರಿಸಿಕೊಂಡು, ಉಗುರು ಮಾತ್ರ ಆಚೆ ಬಿಟ್ಟುಕೊಂಡು ಬಂದಿದ್ದಳು. ಸೋದರತ್ತೆಯೂ ಜೊತೆಗೆ ಬಂದು ಲ್ಯಾಂಪಿನಿಂದ ಆರಡಿ ದೂರ ಕೂತರು, ಹೊರಡುವಾಗ ತಮ್ಮ ಐಬ್ರೋ ಮಾಡಿಸಿಕೊಂಡು ಹೋದರು.

ತಂಗಿಯನ್ನು ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಯಾವುದರಿಂದ ಅಲರ್ಜಿ ಅಂತ ನೋಡಲು, ಒಂದೊಂದರಲ್ಲಿ ಒಂದೊಂದು ರಾಸಾಯನಿಕ ಇರುವ ಪುಟ್ಟ ಪಟ್ಟಿಗಳನ್ನು ಬೆನ್ನಿಗೆ ಸಾಲಾಗಿ ಅಂಟಿಸಿ ಎರಡು ದಿನ ಸ್ನಾನ ಮಾಡಬೇಡ ಅಂದರು. ಪಟ್ಟಿ ತೆಗೆದಾಗ ಹೇಮಾ ಇದ್ದ ಜಾಗ ಮಾತ್ರ ಎಂಟಾಣೆ ನಾಣ್ಯದಷ್ಟು ಕೆಂಪಗೆ ಉಬ್ಬಿತ್ತು.

ಅವಳು ಅತ್ತಿದ್ದು ಪಾರ್ಲರ್‌ಗಲ್ಲ, ಹಲ್ಲಿಗೆ. ಅವಳು ಬೆಳೆದದ್ದು ಶ್ರೀನಿವಾಸಪುರದ ಕಡೆ ಹಳ್ಳಿಯಲ್ಲಿ, ಬೋರ್‌ವೆಲ್ ನೀರು ಕುಡಿದು. ಲೀಟರಿಗೆ 1.5 ಮಿಲಿಗ್ರಾಂ ಫ್ಲೋರೈಡ್ ದಾಟಬಾರದು ಅನ್ನುತ್ತದೆ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ. ಕೋಲಾರ ಜಿಲ್ಲೆಯ ಎಷ್ಟೋ ಬೋರುಗಳಲ್ಲಿ ಅದು ದಾಟಿರುತ್ತದೆ, ಚಿಕ್ಕಂದಿನಲ್ಲಿ ಆ ನೀರು ಕುಡಿದವರ ಹಲ್ಲಿನಲ್ಲಿ ಕಂದು ಗೆರೆ ಉಳಿದುಬಿಡುತ್ತದೆ. ನಗುವಾಗ ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುವುದು ಅದಕ್ಕೇ. ಮುಂದಿನ ನಾಲ್ಕು ಹಲ್ಲಿಗೆ ಬಿಳಿ ಕಾಂಪೋಸಿಟ್ (ಹಲ್ಲಿನ ಬಣ್ಣದ ಲೇಪ) ಹಾಕಿಸಿಕೊಳ್ಳಲು ಒಂದು ವರ್ಷದಿಂದ ದುಡ್ಡು ಕೂಡಿಡುತ್ತಿದ್ದಳು. ಆ ಕಾಂಪೋಸಿಟ್ ಕೂಡ ಹೇಮಾ ಗುಂಪಿನ ಮೆಥಾಕ್ರಿಲೇಟೇ, ದಂತವೈದ್ಯರು ನೀಲಿ ಬೆಳಕು ಬಿಟ್ಟು ಗಟ್ಟಿ ಮಾಡುವುದೂ ಹೆಚ್ಚು ಕಡಿಮೆ ಇದೇ ಕೆಲಸ. ಅದನ್ನು ಹಲ್ಲಿಗೆ ಅಂಟಿಸುವ ದ್ರವದಲ್ಲಿ ಎಷ್ಟೋ ಸಲ ಹೇಮಾನೇ ಇರುತ್ತದೆ.

ದಂತವೈದ್ಯರಿಗೆ ಫೋನ್ ಮಾಡಿದೆವು. ಹೇಮಾ ಇಲ್ಲದ ಅಂಟೂ ಬರುತ್ತೆ, ರಿಪೋರ್ಟ್ ತನ್ನಿ, ನೋಡಿ ಹೇಳ್ತೀನಿ ಅಂದರು. ಮಂಗಳವಾರ ಹೋಗುತ್ತಿದ್ದೇವೆ, ಅವತ್ತು ಪಾರ್ಲರ್‌ಗೆ ರಜೆ.